ಹಗ್ಗದ ಇನ್ನೊಂದು ತುದಿ

ಬಿಟಿಎಂ ಲೇಔಟಿನ ಆ ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ತಿಮ್ಮರಾಯಪ್ಪನಿಗೆ ಇದ್ದದ್ದು ಒಂದೇ ಕೆಲಸ. ಮೋಟರ್ ಹಾಕುವುದು, ಮೋಟರ್ ಆರಿಸುವುದು. ಇದನ್ನು ಎರಡು ಕೆಲಸ ಎಂದೇ ಎಣಿಸಬೇಕು ಎಂಬುದು ಅವನ ವಾದ. ಹಾಕುವುದು ಯಾರಿಗೂ ಬರುತ್ತದೆ, ಆರಿಸುವುದಕ್ಕೆ ನೆನಪಿರಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವಾದರೂ ತಾರಸಿಯ ಟ್ಯಾಂಕ್ ತುಂಬಿ ಹರಿದಿದ್ದಿಲ್ಲ. ಮೆಚ್ಚಿದವರು ಯಾರೂ ಇಲ್ಲ, ಆ ಮಾತು ಬೇರೆ.

ವಯಸ್ಸು ಐವತ್ತೆಂಟು. ಮದುವೆ ಆಗಿಲ್ಲ. ಒಂದೆರಡು ಸಂಬಂಧ ಬಂದಿದ್ದವು. ಹುಡುಗ ಬಾವಿಗೆ ಇಳಿಯುತ್ತಾನಂತೆ ಎಂದು ಗೊತ್ತಾದ ಮೇಲೆ ಹೆಣ್ಣಿನ ಕಡೆಯವರು ಹಾಗೇ ಜಾರಿಕೊಂಡರು. ಕಟ್ಟಡ ಅಣ್ಣ ನೀಲಕಂಠಪ್ಪ ಮುಂದೆ ನಿಂತು ಕಟ್ಟಿಸಿದ್ದು. ಅಣ್ಣ ತೀರಿಹೋಗಿ ಆರು ವರ್ಷವಾಯಿತು. ಮೊದಲನೇ ಮಹಡಿಯಲ್ಲಿ ಅತ್ತಿಗೆ ಅಕ್ಕಯಮ್ಮ, ಅವಳ ಮಗ ಮನೋಜ್, ಸೊಸೆ ಅರ್ಪಿತ. ಅದರ ಮೇಲೆಲ್ಲ ಬಾಡಿಗೆಯವರು. ಕೆಳಗೆ ಕಾರು ನಿಲ್ಲಿಸುವ ಜಾಗದ ಪಕ್ಕದ ಒಂಟಿ ಕೋಣೆ ತಿಮ್ಮರಾಯಪ್ಪನದು. ಮೋಟರಿನ ಸ್ವಿಚ್ಚು ಅದೇ ಕೋಣೆಯಲ್ಲಿತ್ತು. ದಿನಕ್ಕೆರಡು ಹೊತ್ತು ಮೇಲಿನಿಂದ ತಟ್ಟೆ ಬರುತ್ತಿತ್ತು. ಮಾತು ಬರುತ್ತಿರಲಿಲ್ಲ. ಬಂದರೂ "ಚಿಕ್ಕಪ್ಪ, ಮೋಟರ್" ಎಂಬಷ್ಟೇ.

ಇದೇ ತಿಮ್ಮರಾಯಪ್ಪನನ್ನು ಒಂದು ಕಾಲಕ್ಕೆ ಮಡಿವಾಳದಿಂದ ಬೊಮ್ಮನಹಳ್ಳಿಯವರೆಗೆ ಹುಡುಕಿಕೊಂಡು ಬರುತ್ತಿದ್ದರು ಎಂದರೆ ಇವತ್ತಿನವರು ನಂಬುವುದು ಕಷ್ಟ. ಆಗ ಇಲ್ಲೆಲ್ಲ ರಾಗಿಹೊಲ, ಹೊಲಕ್ಕೊಂದು ಬಾವಿ. ನೀರು ಸೇದುವಾಗ ಹಗ್ಗ ಕಳಚಿ ಬಿಂದಿಗೆ ಬೀಳುತ್ತಿತ್ತು. ಕೊಕ್ಕೆಗಳ ಗೊಂಚಲಿನಂಥ ಪಾತಾಳಗರಡಿಯನ್ನು ಇಳಿಬಿಟ್ಟು ತಡಕಾಡುತ್ತಿದ್ದರು. ಅದಕ್ಕೂ ಸಿಗದಿದ್ದರೆ "ತಿಮ್ಮನ್ನ ಕರೀರಿ" ಅನ್ನುತ್ತಿದ್ದರು. ಬಿಂದಿಗೆ, ಕೊಡಪಾನ, ಒಮ್ಮೆ ಮದುಮಗಳ ಓಲೆ, ಇನ್ನೊಮ್ಮೆ ದೇವಸ್ಥಾನದ ಗಂಟೆ. ತಿಮ್ಮ ಮುಳುಗಿ ತರದಿದ್ದ ಪದಾರ್ಥವಿಲ್ಲ.

ಆದರೆ ತಿಮ್ಮ ಒಬ್ಬನೇ ಯಾವತ್ತೂ ಇಳಿದವನಲ್ಲ. ಬಾವಿಗಿಳಿಯುವವನ ಮಣಿಕಟ್ಟಿಗೆ ನೂಲಿನ ಹಗ್ಗ ಕಟ್ಟಬೇಕು, ಇನ್ನೊಂದು ತುದಿ ಮೇಲಿದ್ದವನ ಕೈಯಲ್ಲಿರಬೇಕು. ಅದು ನಿಯಮ. ಆ ತುದಿ ಯಾವಾಗಲೂ ಅಣ್ಣ ನೀಲಕಂಠಪ್ಪನ ಕೈಯಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಒಂದು ಸಲ ಎಳೆಯುತ್ತಿದ್ದ. ಇದ್ದೀಯಾ ಎಂದರ್ಥ. ಕೆಳಗಿನಿಂದ ತಿಮ್ಮ ಒಂದು ಸಲ ಎಳೆಯುತ್ತಿದ್ದ. ಇದ್ದೀನಿ. ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ಅಷ್ಟಕ್ಕಷ್ಟೇ. ಆಡಬೇಕಾದದ್ದನ್ನೆಲ್ಲ ಇಬ್ಬರೂ ಹಗ್ಗದಲ್ಲೇ ಆಡಿ ಮುಗಿಸಿದ್ದರು ಎಂದು ಕಾಣುತ್ತದೆ.

ಆಮೇಲೆ ಲೇಔಟ್ ಬಂತು, ಬೋರ್‌ವೆಲ್ ಬಂತು, ಟ್ಯಾಂಕರ್ ಬಂತು. ಬಾವಿಗಳು ಒಂದೊಂದಾಗಿ ಮುಚ್ಚಿಹೋದವು. ಇವರ ಮನೆಯ ಬಾವಿಯ ಮೇಲೆ ಕಲ್ಲು ಚಪ್ಪಡಿ ಹಾಸಿ, ಅದರ ಮೇಲೆ ಈಗ ಮನೋಜನ ಕಾರು ನಿಲ್ಲುತ್ತದೆ. ತಿಮ್ಮನ್ನ ಕರೀರಿ ಎಂದು ಯಾರೂ ಅನ್ನಲಿಲ್ಲ. ಬಿಂದಿಗೆಗಳು ಬೀಳುವುದನ್ನೇ ನಿಲ್ಲಿಸಿದ್ದವು.

ಹೀಗಿರುವಾಗ, ಡಿಸೆಂಬರಿನ ಒಂದು ಸಂಜೆ, ಮೂರನೇ ಮಹಡಿಯ ಚನ್ನವೀರ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಗದಗದ ಕಡೆಯ ಹುಡುಗ, ಯಾವುದೋ ಆಫೀಸಿನಲ್ಲಿ ಕೆಲಸ, ಮುಖ ನೋಡಿದರೆ ಈಗ ತಾನೇ ನಕ್ಕು ಮುಗಿಸಿದವನಂತೆ ಇರುತ್ತಿದ್ದ.

"ಅಂಕಲ್, ಒಂದ್ ಮಾತು ಕೇಳ್ಳೇನ್ರಿ? ನೀವು ಬಾವ್ಯಾಗ ಎರಡ್ ನಿಮಿಷ ಮುಳುಗಿ ಇರ್ತಿದ್ರಂತ, ಖರೇನ?"

"ಎರಡಲ್ಲ ಕಣಪ್ಪ, ಅದ್ರ ಮೇಲೆ. ಲೆಕ್ಕ ಹಿಡೀತಿದ್ದೋನು ನಮ್ಮಣ್ಣ. ಯಾರು ಹೇಳಿದ್ರು ನಿಂಗೆ?"

"ಟ್ಯಾಂಕರ್ ಡ್ರೈವರ್ ಹೇಳಿದಾ. ಅಂಕಲ್, ನಮ್ ಕೂಡ ಅಂಡಮಾನಕ್ಕ ಬರ್ರಿ."

ತಿಮ್ಮರಾಯಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಚನ್ನವೀರ ಮಂಚದ ತುದಿಯಲ್ಲಿ ಕೂತು ಬಿಡಿಸಿ ಹೇಳಿದ. ಜನವರಿ ಕೊನೆಗೆ ಅಂಡಮಾನಿಗೆ ಹೋಗುವುದು, ಸಮುದ್ರದ ತಳಕ್ಕೆ ಇಳಿದು ಹವಳ, ಮೀನು ನೋಡುವುದು. ಸ್ಕೂಬಾ ಡೈವಿಂಗ್. ಎರಡನೇ ಮಹಡಿಯ ನಿಂಗರಾಜ, ಅವನ ಹೆಂಡತಿ ಭಾಗ್ಯಜ್ಯೋತಿ ಒಂದು ಜೋಡಿ. ಚನ್ನವೀರ, ಅವನ ರೂಮಿನವನಾದ ಸುಭಾಷ್ ಇನ್ನೊಂದು ಜೋಡಿ. ನೀರಿಗೆ ಇಳಿಯುವವರು ಇಬ್ಬಿಬ್ಬರಾಗಿಯೇ ಇಳಿಯಬೇಕು, ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿರಬೇಕು. ಆದರೆ ಸುಭಾಷನಿಗೆ ರಜೆ ಸಿಗಲಿಲ್ಲ. ಚನ್ನವೀರ ಒಂಟಿಯಾಗಿದ್ದ.

"ನಂಗ ಜೋಡಿ ಇಲ್ರಿ ಅಂಕಲ್. ನೀವು ಹೂಂ ಅಂದ್ರ ನೀವ ನನ್ನ ಜೋಡಿ."

ತಿಮ್ಮರಾಯಪ್ಪ ತಕ್ಷಣ ಹೂಂ ಅನ್ನಲಿಲ್ಲ. ಮರ್ಯಾದೆಗಾದರೂ ಸ್ವಲ್ಪ ಯೋಚಿಸಬೇಕಲ್ಲ. "ನೋಡೋಣ" ಎಂದ. ಹುಡುಗ ಮೆಟ್ಟಿಲು ಹತ್ತುವಷ್ಟರಲ್ಲಿ ಹೊರಗೆ ಬಂದು, "ಸರಿ ಕಣಪ್ಪ, ಬರ್ತೀನಿ" ಎಂದು ಕೂಗಿ ಹೇಳಿದ. ನೋಡಿಕೊಳ್ಳುವುದೆಲ್ಲ ಅಷ್ಟರಲ್ಲೇ ಮುಗಿದಿತ್ತು.

ಅವತ್ತಿನಿಂದ ಅವನ ಫೋನಿಗೆ ಜೀವ ಬಂತು. ಅದುವರೆಗೆ ಅದರಲ್ಲಿದ್ದದ್ದು ಕಟ್ಟಡದವರ ವಾಟ್ಸ್ಯಾಪ್ ಗುಂಪೊಂದೇ. ಅದರಲ್ಲಿ "ಇವತ್ತು ಕಾವೇರಿ ನೀರು ಬರಲ್ಲ" ಎಂದು ಇವನು ಬರೆಯಬೇಕು, ಯಾರೋ ಒಬ್ಬರು ಹೆಬ್ಬೆರಳು ಒತ್ತಬೇಕು. ಈಗ ಚನ್ನವೀರ ಹೊಸ ಗುಂಪಿಗೆ ಸೇರಿಸಿದ, "ನೀರಾಗ ನಾಕ್ ಮಂದಿ" ಎಂದು ಅದರ ಹೆಸರು. ಸುಭಾಷನನ್ನೂ ತೆಗೆದಿರಲಿಲ್ಲವಾದ್ದರಿಂದ ಲೆಕ್ಕಕ್ಕೆ ಐದು ಮಂದಿ. ದಿನವಿಡೀ ಟಿಂಗ್ ಟಿಂಗ್. ಯಾವ ದ್ವೀಪ, ಯಾವ ದೋಣಿ, ಭಾಗ್ಯಜ್ಯೋತಿಗೆ ದೋಣಿಯಲ್ಲಿ ವಾಂತಿ ಬಂದರೆ ಏನು ಮಾಡುವುದು. ನಿಂಬೆಹಣ್ಣು ಮೂಸಬೇಕು ಎಂದು ತಿಮ್ಮರಾಯಪ್ಪ ಬರೆದ. ಮೂರು ಜನ ನಗುವ ಮುಖ ಕಳಿಸಿದರು. ಆ ಮೂರು ಮುಖಗಳನ್ನು ಅವನು ಊಟ ಮಾಡುತ್ತ ಎಷ್ಟು ಸಲ ತೆಗೆದು ನೋಡಿದನೋ, ಹೇಳಿದರೆ ಅವನಿಗೇ ನಾಚಿಕೆಯಾದೀತು.

ವಯಸ್ಸು ನಲವತ್ತೈದು ದಾಟಿದವರು ವೈದ್ಯರ ಸಹಿ ತರಬೇಕಿತ್ತು. ಹಳೆಯ ಡಾಕ್ಟರ್ ಪರಮಶಿವಯ್ಯನವರು ಎದೆಗೆ ಕೊಳವೆ ಇಟ್ಟು, ಬೆನ್ನಿಗೆ ಇಟ್ಟು, ಎಕ್ಸ್‌ರೇ ತೆಗೆಸಿ ನೋಡಿ, "ಏನಯ್ಯಾ, ನಿನ್ನ ಶ್ವಾಸಕೋಶ ಇಪ್ಪತ್ತರ ಹುಡುಗಂದು. ಯಾತಕ್ಕೆ ಇಟ್ಕೊಂಡಿದ್ದೆ ಇಷ್ಟು ದಿನ?" ಎಂದು ಸಹಿ ಹಾಕಿದರು. ಕಾಗದ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಆ ಕಾಗದ ಜೇಬು ಬಿಟ್ಟು ಕದಲಲಿಲ್ಲ.

ಉಳಿದದ್ದು ಕೊಳದ ಅಭ್ಯಾಸ. ಜೆಪಿ ನಗರದ ಒಂದು ಈಜುಕೊಳದಲ್ಲಿ ಭಾನುವಾರಗಳಂದು ಶಾಂತಲಾ ಎಂಬ ತರುಣಿ ಡೈವಿಂಗ್ ಕಲಿಸುತ್ತಿದ್ದಳು. ಇಲ್ಲಿ ಅವಳು ಸೈ ಎಂದರೆ ಮಾತ್ರ ಅಲ್ಲಿ ಸಮುದ್ರ. ಉಳಿದ ಮೂವರಿಗೂ ಈಜು ಅಷ್ಟಕ್ಕಷ್ಟೇ, ನೀರು ಕಂಡರೆ ಮುಖ ಬಿಳುಪೇರುತ್ತಿತ್ತು. ತಿಮ್ಮರಾಯಪ್ಪ ಮೀಸೆ ನೀವಿಕೊಂಡು ಇಳಿದ. ಬೆನ್ನಿಗೆ ಗಾಳಿಯ ಸಿಲಿಂಡರ್, ಕಣ್ಣಿಗೆ ಕನ್ನಡಕ, ಬಾಯಿಗೆ ಕಚ್ಚಿಕೊಳ್ಳಲು ರಬ್ಬರಿನ ತುಂಡು. ಮುಳುಗಿದ. ತಳದಲ್ಲಿ ಕಂಬದಂತೆ ಕೂತ. ಹುಡುಗರ ಬಾಯಿಂದ ಗುಳುಗುಳು ಗುಳ್ಳೆಗಳು ಏಳುತ್ತಿದ್ದವು. ಇವನಿಂದ ಒಂದೂ ಇಲ್ಲ.

ಶಾಂತಲಾ ತೋಳು ಹಿಡಿದು ಮೇಲಕ್ಕೆ ಕರೆತಂದಳು. "ಸಾರ್, ಉಸಿರು ಹಿಡಿಬೇಡಿ. ಉಸಿರಾಡ್ತಾನೇ ಇರ್ಬೇಕು."

"ನಂಗೇನೂ ಆಗಲ್ಲ ಕಣಮ್ಮ. ಇನ್ನೊಂದು ನಿಮಿಷ ಬೇಕಾದ್ರೂ ಇರ್ತೀನಿ."

"ಅದೇ ಸಾರ್ ಪ್ರಾಬ್ಲಂ. ಸಿಲಿಂಡರ್ ಗಾಳಿ ಎಳ್ಕೊಂಡು, ಹಿಡ್ಕೊಂಡು ಮೇಲೆ ಬಂದ್ರೆ ಒಳಗೆ ಗಾಳಿ ಹಿಗ್ಗತ್ತೆ. ಶ್ವಾಸಕೋಶ ಒಡೆದುಹೋಗತ್ತೆ. ಇದ್ರಲ್ಲಿ ಮೊದಲನೇ ರೂಲೇ ಅದು."

ಜೀವಮಾನವಿಡೀ ಯಾವುದಕ್ಕೆ ಭೇಷ್ ಅನ್ನಿಸಿಕೊಂಡಿದ್ದನೋ ಅದೇ ಇಲ್ಲಿ ತಪ್ಪಾಗಿತ್ತು. ಗಾಳಿಯನ್ನು ಬುತ್ತಿಯಂತೆ ಕಟ್ಟಿಕೊಂಡು ಇಳಿದವನಿಗೆ ಕೆಳಗೂ ಊಟ ಸಿಗುತ್ತದೆ ಎಂದರೆ ನಂಬಿಕೆ ಹುಟ್ಟುವುದು ಹೇಗೆ? ನಾಲ್ಕು ಸಲ ಇಳಿದ. ನಾಲ್ಕು ಸಲವೂ ನೀರು ತಲೆ ಮುಚ್ಚಿದ ಕೂಡಲೇ ಎದೆ ತಾನೇ ಬೀಗ ಜಡಿದುಕೊಂಡಿತು. "ಹೀಗಾದ್ರೆ ನಾನು ಕಳ್ಸೋಕಾಗಲ್ಲ ಸಾರ್" ಎಂದಳು ಶಾಂತಲಾ. ಮನೆಯಲ್ಲಿ ಅಭ್ಯಾಸ ಮಾಡಿ ಎಂದು ಒಂದು ಕನ್ನಡಕ, ಬಾಯಲ್ಲಿ ಕಚ್ಚಿಕೊಂಡು ನೀರಿನ ಮೇಲಿನ ಗಾಳಿ ಎಳೆಯುವ ಒಂದು ಕೊಳವೆ ಕೊಟ್ಟು ಕಳಿಸಿದಳು. ವಾಪಸು ಬರುವಾಗ ಆಟೋದಲ್ಲಿ ಹುಡುಗರು ಸಮಾಧಾನ ಹೇಳಿದರು. ಅದು ಇನ್ನೂ ಕಷ್ಟವಾಗಿತ್ತು.

ಸ್ನಾನದ ಕೋಣೆಯ ನೀಲಿ ಡ್ರಮ್ಮಿಗೆ ಮುಖ ಅದ್ದಿ ವಾರವಿಡೀ ಹೆಣಗಿದ. ಮುಖ ಮುಳುಗಿದ್ದೇ ತಡ, ಉಸಿರು ನಿಲ್ಲುತ್ತಿತ್ತು. ಯಾಕೆ ಎಂದು ಯೋಚಿಸಿದ. ಶನಿವಾರ ರಾಗಿಮುದ್ದೆ ಮುರಿಯುತ್ತಿರುವಾಗ ಹೊಳೆಯಿತು. ಟ್ರಂಕು ತೆಗೆದು, ಅಡಿಯಲ್ಲಿ ಸುತ್ತಿಟ್ಟಿದ್ದ ಹಳೆಯ ನೂಲಿನ ಹಗ್ಗವನ್ನು ಹೊರಗೆ ತೆಗೆದ. ಅಣ್ಣ ಹಿಡಿಯುತ್ತಿದ್ದ ತುದಿ ಈಗಲೂ ಸವೆದು ನುಣ್ಣಗಿತ್ತು.

ಮರುದಿನ ಕೊಳದ ಅಂಚಿನಲ್ಲಿ ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಚನ್ನವೀರನ ಕೈಗೆ ಕೊಟ್ಟ.

"ಏನ್ರಿ ಅಂಕಲ್ ಇದು, ಎತ್ತಿಗೆ ಕಟ್ಟಿದಂಗ?"

"ಹಿಡ್ಕೊಂಡಿರು ಸಾಕು. ಆಗಾಗ ಒಂದ್ಸಲ ಎಳಿ. ನಾನೂ ಎಳೀತೀನಿ."

ಶಾಂತಲಾ ಮೊದಲು ಬೇಡವೆನ್ನಲು ಬಾಯಿ ತೆರೆದಳು. ಅವನ ಮುಖ ನೋಡಿ, ಇಳಿಯಿರಿ ಎಂದು ಕೈ ತೋರಿಸಿದಳು. ಇಬ್ಬರೂ ಇಳಿದರು. ನೀರು ತಲೆ ಮುಚ್ಚಿತು, ಎದೆ ಬಿಗಿಯಿತು. ಆಗ ಮಣಿಕಟ್ಟಿನಲ್ಲಿ ಸಣ್ಣಗೆ ಒಂದು ಎಳೆತ. ಇದ್ದೀಯಾ? ತಿಮ್ಮರಾಯಪ್ಪ ಎಳೆದ. ಇದ್ದೀನಿ. ಎಳೆದದ್ದೇ, ಅವನ ಬಾಯಿಂದ ಒಂದು ರಾಶಿ ಗುಳ್ಳೆ ಹೊರಟು ಕಿವಿಯ ಪಕ್ಕದಲ್ಲಿ ಗಲಗಲ ಎಂದು ಮೇಲಕ್ಕೆ ಹೋಯಿತು. ಇನ್ನೊಂದು ಉಸಿರು, ಮತ್ತೊಂದು ಉಸಿರು. ಆರು ವರ್ಷದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಏನೋ ಬಿಟ್ಟುಹೋಯಿತು ಅನ್ನಿಸಿತು. ನೀರಿನೊಳಗೆ ಅತ್ತರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದ. ಕನ್ನಡಕದೊಳಗೆ ಅತ್ತರೆ ತಿಳಿಯುತ್ತದೆ, ಮೇಲೆ ಬಂದು ಅದನ್ನು ತೊಳೆದುಕೊಳ್ಳಬೇಕಾಯಿತು.

"ಸೂಪರ್ ಸಾರ್!" ಎಂದಳು ಶಾಂತಲಾ. "ಹಗ್ಗ ಇಟ್ಕೊಳ್ಳಿ. ಜೋಡಿ ಬಿಟ್ಟುಹೋಗ್ಬಾರ್ದು ಅಂತ ಕೆಲವು ಕಡೆ ಕಟ್ತಾರೆ. ಅಲ್ಲಿನವ್ರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ." ಕೊಳದ ಅಭ್ಯಾಸ ಮುಗಿಯಿತೆಂಬ ಕಾಗದಕ್ಕೆ ಸಹಿ ಹಾಕಿ ಅವನ ಕೈಗೆ ಕೊಟ್ಟಳು. ಸಂಜೆ ಎಲ್ಲರೂ ಕೂತು ವಿಮಾನದ ಟಿಕೆಟ್ ಮಾಡಿಸುವುದು ಎಂದಾಯಿತು. ಆಧಾರ್ ಕಾರ್ಡ್ ತೆಗೆದಿಟ್ಟುಕೊಳ್ಳಿ ಅಂಕಲ್ ಎಂದಳು ಭಾಗ್ಯಜ್ಯೋತಿ.

ತಿಮ್ಮರಾಯಪ್ಪ ಮನೆಗೆ ಬಂದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಎರಡು ಕಾಗದಗಳ ಜೊತೆ ಆಧಾರನ್ನೂ ಜೇಬಿಗೆ ಸೇರಿಸಿ ಮಂಚದ ಮೇಲೆ ಕೂತ. ಆಗಿನ್ನೂ ನಾಲ್ಕು ಗಂಟೆ. ಫೋನ್ ಟಿಂಗ್ ಎಂದಿತು.

ಸುಭಾಷ್ ಬರೆದಿದ್ದ. ಲೀವ್ ಸ್ಯಾಂಕ್ಷನ್ ಆತು! ಬಾಸ್ ಒಪ್ಪಿದಾ! ಅದರ ಕೆಳಗೆ ಕುಣಿಯುವ ಬೊಂಬೆಗಳು. ಅರೆಗಳಿಗೆಯಲ್ಲಿ ನಿಂಗರಾಜ ಬರೆದ: "ಭಾರಿ ಆತು ಬಿಡೋ. ಆದ್ರ ಅಂಕಲ್‌ಗೆ ಏನ್ ಹೇಳೂದು?"

ಪಾಪ, ಅಂಕಲ್ ಇದೇ ಗುಂಪಿನಲ್ಲಿ ಇದ್ದಾನೆಂಬುದನ್ನು ಮರೆತೇಬಿಟ್ಟಿದ್ದರು. ತಿಮ್ಮರಾಯಪ್ಪ ಓದುತ್ತಿರುವಂತೆಯೇ ಎರಡೂ ಮಾತುಗಳು ಮಾಯವಾಗಿ, ಈ ಸಂದೇಶವನ್ನು ಅಳಿಸಲಾಗಿದೆ, ಈ ಸಂದೇಶವನ್ನು ಅಳಿಸಲಾಗಿದೆ ಎಂಬ ಎರಡು ಸಾಲು ಉಳಿದವು. ಅವನು ಫೋನನ್ನು ಮಗುಚಿಟ್ಟ. ಕೋಪ ಬರಲಿ ಎಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಜೋಡಿ ಅವರದು, ರೂಮು ಅವರದು, ಒಂದೇ ತಟ್ಟೆಯಲ್ಲಿ ಉಣ್ಣುವ ಹುಡುಗರು. ನಡುವೆ ತಾನು ಸುಭಾಷನ ಜಾಗ ಕಾಯ್ದಿಟ್ಟಿದ್ದನಷ್ಟೆ, ಬಸ್ಸಿನ ಸೀಟಿಗೆ ಹಾಕಿದ ಟವೆಲಿನಂತೆ.

ಐದು ಗಂಟೆಗೆ ಚನ್ನವೀರ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತ. ಇವತ್ತು ಮುಖದಲ್ಲಿ ನಗು ಇರಲಿಲ್ಲ. "ಅಂಕಲ್... ಅದು... ಟಿಕೆಟ್ ವಿಷಯ..." ಎಂದು ನೆಲ ನೋಡಿದ. ಇವನು ಕೆಟ್ಟ ಹುಡುಗನಲ್ಲ ಎಂಬುದೇ ತೊಂದರೆ. ಕೆಟ್ಟವನಾಗಿದ್ದರೆ ಫೋನಿನಲ್ಲೇ ಮುಗಿಸಿರುತ್ತಿದ್ದ. ತಿಮ್ಮರಾಯಪ್ಪನಿಗೆ ಅವನು ತಡವರಿಸುವುದನ್ನು ನೋಡಲಾಗಲಿಲ್ಲ.

"ನಾನೇ ಮೇಲೆ ಬರೋನಿದ್ದೆ ಕಣಪ್ಪ" ಎಂದ. "ನಂಗೆ ಬರೋಕಾಗಲ್ಲ. ಡಾಕ್ಟ್ರು ಬೇಡ ಅಂದ್ಬಿಟ್ರು."

"ಬ್ಯಾಡಂದ್ರಾ? ಯಾಕ್ರಿ?"

"ವಯಸ್ಸಾಯ್ತಲ್ಲ. ಎದೆ ಸರಿ ಇಲ್ವಂತೆ."

ಸಹಿ ಹಾಕಿದ ಕಾಗದ ಎದೆಯ ಮೇಲೇ, ಜೇಬಿನಲ್ಲಿತ್ತು. ಚನ್ನವೀರನ ಮುಖ ನೋಡನೋಡುತ್ತ ಸಡಿಲವಾಯಿತು. ಅಯ್ಯೋ ಎಂದ, ಛೇ ಎಂದ, ನಿಮ್ಮ ಆರೋಗ್ಯ ಮುಖ್ಯ ಅಂಕಲ್ ಎಂದ. ಅಷ್ಟೂ ಹೊತ್ತು ಅವನ ಭುಜಗಳು ಹಗುರಾಗುತ್ತಿದ್ದವು. ತಿಮ್ಮರಾಯಪ್ಪನಿಗೆ ನೋವಾದದ್ದು ಆಗ. ಎರಡು ಸಲ ಕೇಳಿದ್ದರೆ ಸಾಕಿತ್ತು. "ಇನ್ನೊಬ್ಬ ಡಾಕ್ಟ್ರಿಗೆ ತೋರಿಸೂಣೇನ್ರಿ" ಎಂದಿದ್ದರೆ ಸಾಕಿತ್ತು, ಹೋಗದೆಯೇ ಹೋಗಿಬಂದಷ್ಟು ಆಗುತ್ತಿತ್ತು.

"ಒಂದು ಮಾತು" ಎಂದ ಕೊನೆಗೆ. "ಕೆಳಗೆ ಸುಭಾಷನ ಮೇಲೆ ಕಣ್ಣಿಟ್ಟಿರು. ಎಷ್ಟೇ ಮೀನು ಕಂಡ್ರೂ ಅವನ್ನ ಬಿಟ್ಟು ದೂರ ಹೋಗ್ಬೇಡ."

ಸುಭಾಷನೂ ಕೊಳಕ್ಕಿಳಿದು ಶಾಂತಲಾಳಿಂದ ಸೈ ಅನ್ನಿಸಿಕೊಂಡ. ಜನವರಿ ಕೊನೆಯ ಶುಕ್ರವಾರ ನಾಲ್ವರೂ ಹೊರಟರು. ಟ್ಯಾಕ್ಸಿಗೆ ಚೀಲ ಎತ್ತಿಕೊಟ್ಟವನು ತಿಮ್ಮರಾಯಪ್ಪನೇ. ಅವನಿನ್ನೂ ಗುಂಪಿನಲ್ಲಿದ್ದ. ತೆಗೆಯಲು ಅವರಿಗೆ ಸಂಕೋಚ, ಬಿಡಲು ಇವನಿಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಚಿತ್ರ ಬಂತು. ದೋಣಿಯ ಮೇಲೆ ನಾಲ್ಕು ಜನ, ಹಿಂದೆ ಹಸಿರು ನೀಲಿ ನೀರು. ಇನ್ನು ಹತ್ತು ನಿಮಿಷದಲ್ಲಿ ಇಳಿಯುತ್ತೇವೆ ಎಂದು ಬರೆದಿದ್ದರು.

ತಿಮ್ಮರಾಯಪ್ಪ ಎದ್ದು ನೀಲಿ ಡ್ರಮ್ಮಿಗೆ ಅಂಚಿನವರೆಗೆ ನೀರು ತುಂಬಿಸಿದ. ಕನ್ನಡಕ ಹಾಕಿದ, ಕೊಳವೆ ಕಚ್ಚಿದ. ಕೈ ತಾನಾಗಿ ಹಗ್ಗವನ್ನು ಹುಡುಕಿ ಮಣಿಕಟ್ಟಿಗೆ ಕಟ್ಟಿತು. ಇನ್ನೊಂದು ತುದಿಯನ್ನು ಏನು ಮಾಡುವುದೆಂದು ತಿಳಿಯದೆ ಹಿಡಿದು ನಿಂತ. ಬಾಗಿಲ ಆಚೆಗೆ ಎಸೆದ. ಅದು ಹೋಗಿ ಕಾರಿನ ಪಕ್ಕ, ಚಪ್ಪಡಿಯ ಮೇಲೆ ಬಿತ್ತು.

ಬಾಗಿ ಮುಖ ಮುಳುಗಿಸಿದ. ಡ್ರಮ್ಮಿನ ತಳದಲ್ಲಿ ಹವಳವೂ ಇಲ್ಲ, ಮೀನೂ ಇಲ್ಲ, ಒಂದು ಹಳೆಯ ಸೋಪಿನ ಚೂರು ಇತ್ತು. ಕಿವಿಯಲ್ಲಿ ನೀರಿನ ಮೌನ. ಎದೆ ಬೀಗ ಹಾಕಿಕೊಂಡಿತು. ಕೊಳವೆಯ ತುಂಬ ಗಾಳಿಯಿತ್ತು, ಅವನಿಂದ ಎಳೆಯಲಾಗಲಿಲ್ಲ. ಮನಸ್ಸಿನಲ್ಲೇ ಎಣಿಸಿದ. ಮೂವತ್ತು, ನಲವತ್ತು. ಎಣಿಸಲು ಅಣ್ಣನೂ ಇಲ್ಲ. ತಾನು ಇಲ್ಲಿಂದ ಏಳದಿದ್ದರೆ ಗೊತ್ತಾಗುವುದು ಟ್ಯಾಂಕ್ ಖಾಲಿಯಾದ ಮೇಲೆಯೇ ಎಂದು ತೋರಿತು. ಎಪ್ಪತ್ತು, ಎಂಬತ್ತು.

ಮಣಿಕಟ್ಟಿನ ಹಗ್ಗ ಒಂದು ಸಲ ಎಳೆಯಿತು.

ತಿಮ್ಮರಾಯಪ್ಪ ನಂಬಲಿಲ್ಲ. ಮತ್ತೆ ಎಳೆಯಿತು. ಅವನು ಜೋರಾಗಿ ಎಳೆದ. ಇದ್ದೀನಿ. ಉಸಿರು ಭರ್ರನೆ ಹೊರಟು, ಕೊಳವೆ ಸೀಟಿ ಹೊಡೆದಂತೆ ಸದ್ದು ಮಾಡಿತು. ತಲೆಯೆತ್ತಿ ನೋಡಿದರೆ ಸ್ನಾನದ ಕೋಣೆಯ ಬಾಗಿಲಲ್ಲಿ ಅತ್ತಿಗೆ ಅಕ್ಕಯಮ್ಮ. ಒಂದು ಕಂಕುಳಲ್ಲಿ ಅವರೆಕಾಯಿಯ ಮೊರ, ಇನ್ನೊಂದು ಕೈಯಲ್ಲಿ ಹಗ್ಗದ ತುದಿ.

"ಎಷ್ಟೊತ್ತಿಂದ ಕೂಗ್ಲಿ ತಿಮ್ಮ? ಟ್ಯಾಂಕ್ ಖಾಲಿ, ಮೋಟರ್ ಹಾಕು. ಬಟ್ಟೆ ಒಣಗಾಕೋ ಹಗ್ಗ ಬಿದ್ದೋಗಿದೆ ಅಂತ ಎಳುದ್ರೆ ಇದೇನೋ ಇದು, ವಾಪಸ್ ಎಳೀತದೆ!"

"ನಾನೇ ಅತ್ತಿಗೆ."

"ಯಾಕ್ ಎಳುದೆ?"

ಏನೂ ಇಲ್ಲ ಎಂದು ಹೇಳಿ ಸ್ವಿಚ್ಚು ಹಾಕಬಹುದಿತ್ತು. ಇಷ್ಟು ವರ್ಷ ಅದನ್ನೇ ಮಾಡಿದ್ದ. "ಇದ್ದೀನಿ ಅಂತ" ಎಂದ. "ಅಣ್ಣ ಎಳೀತಿದ್ದ, ಇದ್ದೀಯಾ ಅಂತ. ನಾನು ಇದ್ದೀನಿ ಅಂತ ಎಳೀತಿದ್ದೆ."

ಅಕ್ಕಯಮ್ಮ ಕೈಯಲ್ಲಿದ್ದ ತುದಿಯನ್ನು ನೋಡಿದಳು. ಸವೆದು ನುಣ್ಣಗಾದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಈ ಮಾತನ್ನು ಗಂಡ ಅವಳಿಗೆ ಹೇಳಿರಲಿಲ್ಲ. ಗಂಡ ಅವಳಿಗೂ ಹೆಚ್ಚು ಮಾತಾಡಿದವನಲ್ಲ.

ತಿಮ್ಮರಾಯಪ್ಪ ಹೋಗಿ ಮೋಟರ್ ಹಾಕಿ ಬಂದ. ಹಗ್ಗ ಅಷ್ಟು ದೂರಕ್ಕೂ ಸಾಕಾಯಿತು. ಅವಳು ಬಿಟ್ಟಿರಲಿಲ್ಲ.

"ಬಿಡ್ಲಾ?" ಎಂದಳು.

"ಅತ್ತಿಗೆ, ಟ್ಯಾಂಕ್ ತುಂಬೋವರ್ಗೂ ಹಿಡ್ಕೊಂಡಿರ್ತೀರಾ?" ಎಂದ. ಐವತ್ತೆಂಟು ವರ್ಷಗಳಲ್ಲಿ ಅವನು ಮನೆಯವರನ್ನು ಏನಾದರೂ ಕೇಳಿಕೊಂಡದ್ದು ಅದೇ ಮೊದಲಿರಬೇಕು.

ಅಕ್ಕಯಮ್ಮ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಹಗ್ಗವನ್ನು ಎಡಗೈಗೆ ಎರಡು ಸುತ್ತು ಸುತ್ತಿ ಅವರೆ ಸುಲಿಯತೊಡಗಿದಳು. "ಮುಳುಗು ಮತ್ತೆ" ಎಂದಳು.

ಇಪ್ಪತ್ತು ನಿಮಿಷಕ್ಕೆ ತಾರಸಿಯ ಟ್ಯಾಂಕ್ ತುಂಬಿ ಹರಿಯಿತು. ನೀರು ಗೋಡೆಗುಂಟ ಇಳಿದು ಮನೋಜನ ಕಾರಿನ ಮೇಲೆ ಧೋ ಎಂದು ಸುರಿಯಿತು. "ಚಿಕ್ಕಪ್ಪಾ! ಮೋಟರ್!" ಎಂದು ಮನೋಜ್ ಮೇಲಿನಿಂದ ಕೂಗಿದ. ಡ್ರಮ್ಮಿನೊಳಗೆ ಅದು ಕೇಳಿಸುವಂತಿರಲಿಲ್ಲ. ಅಕ್ಕಯಮ್ಮನಿಗೆ ಕೇಳಿಸಿತು. ಅವಳು ಏಳಲಿಲ್ಲ. ಇನ್ನೊಂದು ಅವರೆಕಾಯಿ ಸುಲಿದಳು, ಹಗ್ಗವನ್ನು ಒಂದು ಸಲ ಎಳೆದಳು, ಕಾದಳು.